ಬೋನಸ್ 1.80 ಲಕ್ಷ, ಟ್ಯಾಕ್ಸ್ 75 ಸಾವಿರ: ಈ ಲೆಕ್ಕ ಎಲ್ಲಿಂದ ಬಂತು?

ಪ್ರಶ್ನೆ: ಮೇಡಂ, ನಾನು ಮಂಡ್ಯದವನು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ತಿಂಗಳಿಗೆ ಒಟ್ಟು ಸಂಬಳ 98,000 ರೂಪಾಯಿ, ಅದರಲ್ಲಿ ಬೇಸಿಕ್ 45,000. ಪಿಎಫ್ 5,400, ವೃತ್ತಿ ತೆರಿಗೆ 200 ಹೋಗಿ ಕೈಗೆ 92,400 ಬರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ರೂಪಾಯಿ ಟ್ಯಾಕ್ಸ್ ಹಿಡಿದಿರಲಿಲ್ಲ. 2025ರ ದೀಪಾವಳಿಗೆ ವರ್ಷದ ಬೋನಸ್ ಅಂತ 1,80,000 ಕೊಟ್ಟರು. ಅದರಲ್ಲಿ 75,036 ಟ್ಯಾಕ್ಸ್ ಮುರಿದುಕೊಂಡಿದ್ದಾರೆ. ನನ್ನ ಲೆಕ್ಕದಲ್ಲಿ 2,070 ರೂಪಾಯಿ ಹಿಡಿಯಬೇಕಿತ್ತು. ನಮ್ಮ ಮ್ಯಾನೇಜರ್ ಸಂಬಳ ತಿಂಗಳಿಗೆ 1,25,000. ಅವರಿಗೂ ಅಷ್ಟೇ ಬೋನಸ್, ಆದರೆ ಅವರಿಗೆ ಹಿಡಿದದ್ದು 28,340 ಮಾತ್ರ. ಬೋನಸ್‌ಗೆ ಬೇರೆ ಟ್ಯಾಕ್ಸ್ ಇದೆಯಾ? ಎಲ್‌ಐಸಿ ಮಾಡಿಸಿದರೆ ಈ ದುಡ್ಡು ಉಳಿಯುತ್ತದಾ? ಊರಲ್ಲಿ ಅಪ್ಪನ ಹೆಸರಲ್ಲಿ ಎರಡು ಎಕರೆ ಕಬ್ಬಿನ ಗದ್ದೆ ಇದೆ. ಅದೂ ಲೆಕ್ಕಕ್ಕೆ ಬರುತ್ತದಾ?

ಉತ್ತರ: ನೀವು ಕಳಿಸಿದ ಪೇ ಸ್ಲಿಪ್ ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಅಕೌಂಟ್ಸ್ ಸೆಕ್ಷನ್‌ನವರು ತಪ್ಪು ಮಾಡಿಲ್ಲ. 75,036 ಅನ್ನೋದು ಸರಿಯಾದ ಲೆಕ್ಕ. ಆದರೆ ಆ ಸ್ಲಿಪ್ ನೋಡಿ ನಿಮ್ಮ ಹೊಟ್ಟೆ ಉರಿದದ್ದಕ್ಕೂ ಕಾರಣ ಇದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಬೋನಸ್‌ಗೆ ಬೇರೆ ತೆರಿಗೆ ಅಂತ ಇಲ್ಲ. ದಸರಾ ಮುಗಿದು ದೀಪಾವಳಿ ಬರುವ ಹೊತ್ತಿಗೆ ಪ್ರತಿ ವರ್ಷ ನನ್ನ ಹತ್ತಿರ ಬರುವವರು ಒಂದೇ ಮಾತು ಹೇಳುತ್ತಾರೆ, 'ಬೋನಸ್‌ಗೆ ಮೂವತ್ತು ಪರ್ಸೆಂಟ್ ಅಂತೆ' ಅಂತ. ಅದು ಕ್ಯಾಂಟೀನ್‌ನಲ್ಲಿ ಹುಟ್ಟಿದ ಮಾತು. ಕಾನೂನಿನ ಕಣ್ಣಿಗೆ ಬೋನಸ್ ಕೂಡ ಸಂಬಳವೇ. ಬೇಸಿಕ್, ಡಿಎ, ಮನೆ ಬಾಡಿಗೆ ಭತ್ಯೆ, ಬೋನಸ್ ಎಲ್ಲ ಒಂದೇ ಚೀಲಕ್ಕೆ ಬೀಳುತ್ತವೆ. ವರ್ಷದ ಕೊನೆಗೆ ಆ ಚೀಲವನ್ನು ತೂಗುತ್ತಾರೆ. ಕಳೆದ ವರ್ಷ ಮಾಡಿದ ಕೆಲಸಕ್ಕೆ ಈ ವರ್ಷ ಬೋನಸ್ ಘೋಷಿಸಿ ಕೊಟ್ಟರೂ ಅದು ಈ ವರ್ಷದ ಚೀಲಕ್ಕೇ ಸೇರುತ್ತದೆ.

ನೀವು ಮಂಡ್ಯದವರು, ಗದ್ದೆಗೆ ನೀರು ಹಾಯಿಸುವುದು ಗೊತ್ತಿರುತ್ತದೆ. ನಾಲೆಯಿಂದ ಬಂದ ನೀರು ಮೇಲಿನ ಗದ್ದೆ ತುಂಬಿದ ಮೇಲೆ ಕೆಳಗಿನದಕ್ಕೆ ಇಳಿಯುತ್ತದೆ, ಅದು ತುಂಬಿದ ಮೇಲೆ ಇನ್ನೊಂದಕ್ಕೆ. ತೆರಿಗೆಯ ಸ್ಲ್ಯಾಬ್, ಅಂದರೆ ಆದಾಯದ ಹಂತ ಕೂಡ ಹಾಗೇ. 2025-26ನೇ ಸಾಲಿಗೆ ಹೊಸ ಪದ್ಧತಿಯಲ್ಲಿ (ದರ ಕಮ್ಮಿ, ಆದರೆ ಹೆಚ್ಚಿನ ರಿಯಾಯಿತಿಗಳಿಲ್ಲದ ಲೆಕ್ಕ) ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ. 5, 8ರಿಂದ 12ರವರೆಗೆ ಶೇ. 10, 12ರಿಂದ 16ರವರೆಗೆ ಶೇ. 15, 16ರಿಂದ 20ರವರೆಗೆ ಶೇ. 20, 20ರಿಂದ 24ರವರೆಗೆ ಶೇ. 25, ಅದರ ಮೇಲಕ್ಕೆ ಶೇ. 30. ಮಾಮೂಲಿ ಸಂಬಳ ಮೇಲಿನ ಗದ್ದೆಗಳನ್ನು ಆಗಲೇ ತುಂಬಿರುತ್ತದೆ. ಬೋನಸ್ ಕೊನೆಗೆ ಬಂದ ನೀರು. ಹಾಗಾಗಿ ಅದು ತೆರಿಗೆ ಜಾಸ್ತಿ ಇರುವ ಗದ್ದೆಗೇ ಹೋಗಿ ಬೀಳುತ್ತದೆ.

ನಿಮ್ಮ ಲೆಕ್ಕಕ್ಕೆ ಬರೋಣ. 98,000ವನ್ನು 12ರಿಂದ ಗುಣಿಸಿದರೆ 11,76,000. ಬೋನಸ್ 1,80,000 ಸೇರಿದರೆ 13,56,000. ಸಂಬಳದವರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 12,81,000. ಇದು ನಿಮ್ಮ ತೆರಿಗೆಗೆ ಒಳಪಡುವ ಆದಾಯ.

ಮೊದಲ 12 ಲಕ್ಷಕ್ಕೆ ಸ್ಲ್ಯಾಬ್ ಪ್ರಕಾರ 60,000.
ಉಳಿದ 81,000ಕ್ಕೆ ಶೇ. 15ರಂತೆ 12,150.
ಒಟ್ಟು 72,150. ಅದರ ಮೇಲೆ ಶೇ. 4 ಸೆಸ್ 2,886.
ಕಟ್ಟಬೇಕಾದದ್ದು 75,036.

ನೀವು ಎಡವಿದ್ದು ಎರಡು ಕಡೆ. ಒಂದು, ಕೈಗೆ ಬರುವ 92,400ರ ಮೇಲೆ ಲೆಕ್ಕ ಹಾಕಿದ್ದೀರಿ. ಹಾಗಾಗಿ ನಿಮಗೆ 12 ಲಕ್ಷ ದಾಟಿದ್ದು 13,800 ಮಾತ್ರ ಅನ್ನಿಸಿದೆ, ಅದರ ಶೇ. 15 ಅಂದರೆ 2,070 ಅಂತ ಬರೆದಿದ್ದೀರಿ. ತೆರಿಗೆ ಹಾಕುವುದು ಒಟ್ಟು ಸಂಬಳದ ಮೇಲೆ. ನಿಮ್ಮ ಪಾಲಿನ ಪಿಎಫ್ ಆಗಲಿ, ವೃತ್ತಿ ತೆರಿಗೆ ಆಗಲಿ ಹೊಸ ಪದ್ಧತಿಯಲ್ಲಿ ಕಳೆಯುವ ಹಾಗಿಲ್ಲ. ಇದು ಸಣ್ಣ ತಪ್ಪು.

ಎರಡನೆಯದು ದೊಡ್ಡದು, ಮತ್ತು ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. '12 ಲಕ್ಷದವರೆಗೆ ತೆರಿಗೆ ಇಲ್ಲ' ಅಂತ ಟಿವಿಯಲ್ಲಿ ಹೇಳಿದ್ದನ್ನು ಎಲ್ಲರೂ ಹಾಗೇ ನಂಬಿದ್ದಾರೆ. ನಿಜವಾಗಿ 12 ಲಕ್ಷದವರೆಗೂ ತೆರಿಗೆ ಇದೆ, 60,000 ರೂಪಾಯಿ ಇದೆ. ಆದಾಯ 12 ಲಕ್ಷದ ಒಳಗಿದ್ದರೆ ಸೆಕ್ಷನ್ 87ಎ ರಿಬೇಟ್ ಅಂತ ಆ 60,000ವನ್ನು ಬಿಟ್ಟುಕೊಡುತ್ತಾರೆ, ಅಷ್ಟೇ. ಆದಾಯ 12 ಲಕ್ಷ ದಾಟಿತು ಅಂದರೆ ಆ ರಿಬೇಟೇ ಹೋಯಿತು. ಬೋನಸ್ ಬರದಿದ್ದರೆ ನಿಮ್ಮ ಆದಾಯ 11,01,000 ಇರುತ್ತಿತ್ತು, ತೆರಿಗೆ ಸೊನ್ನೆ. ಅದಕ್ಕೇ ಆರು ತಿಂಗಳು ಏನೂ ಹಿಡಿಯಲಿಲ್ಲ. ಬೋನಸ್ ಬಂದು ಬದು ಒಡೆಯಿತು.

ನಿಮ್ಮ 1,80,000 ಎಲ್ಲಿ ಹೋಯಿತು ಅಂತ ತುಂಡು ತುಂಡಾಗಿ ನೋಡಿ. 11,01,000ದಿಂದ 12 ಲಕ್ಷ ಮುಟ್ಟುವವರೆಗಿನ 99,000ಕ್ಕೆ ತೆರಿಗೆಯೇ ಇಲ್ಲ, ಪೂರ್ತಿ ನಿಮ್ಮದು. ಅದರ ಮುಂದಿನ 70,588 ಪೂರ್ತಿ ತೆರಿಗೆಗೆ ಹೋಯಿತು. ಶೇ. 15 ಅಲ್ಲ, ಶೇ. 30 ಅಲ್ಲ, ನೂರಕ್ಕೆ ನೂರು. ಕೊನೆಯ 10,412ಕ್ಕೆ ಮಾತ್ರ ಶೇ. 15ರಂತೆ 1,562. ಎರಡೂ ಕೂಡಿಸಿದರೆ ಅದೇ 72,150, ಅದರ ಮೇಲೆ ಸೆಸ್.

ಮಧ್ಯದ ಆ 70,588 ಎಲ್ಲಿಂದ ಬಂತು? ಅದಕ್ಕೆ ಕಾರಣ ಮಾರ್ಜಿನಲ್ ರಿಲೀಫ್ ಅನ್ನುವ ನಿಯಮ. 12 ಲಕ್ಷದ ಮೇಲೆ ಒಂದು ರೂಪಾಯಿ ಜಾಸ್ತಿ ಬಂದವನಿಗೆ 60,000 ತೆರಿಗೆ ಹಾಕಿದರೆ ಅನ್ಯಾಯ ಅಲ್ವಾ? ಅದಕ್ಕೇ 12 ಲಕ್ಷದ ಮೇಲೆ ಎಷ್ಟು ಆದಾಯ ಬಂದಿದೆಯೋ, ತೆರಿಗೆ ಅದಕ್ಕಿಂತ ಜಾಸ್ತಿ ಇರಬಾರದು ಅಂತ ಕಾನೂನು ಮಾಡಿದರು. 10,000 ದಾಟಿದರೆ 10,000 ತೆರಿಗೆ. 50,000 ದಾಟಿದರೆ 50,000 ತೆರಿಗೆ. ಹೀಗೇ ಹೋಗಿ 12,70,588ರ ಹತ್ತಿರ ಮಾಮೂಲಿ ಲೆಕ್ಕವೂ ಇದೂ ಒಂದೇ ಆಗುತ್ತವೆ. ಅಲ್ಲಿಂದಾಚೆ ರಿಲೀಫ್ ಇಲ್ಲ. ನಿಮ್ಮ 12,81,000 ಅದನ್ನೂ ದಾಟಿತು.

ಇದರ ಪರಿಣಾಮ ನೋಡಿ. ನಿಮ್ಮಷ್ಟೇ ಸಂಬಳದ ಗೆಳೆಯನಿಗೆ 99,000 ಬೋನಸ್ ಬಂದಿದ್ದರೆ, ಅಷ್ಟೂ ಅವನ ಕೈಗೆ. ನಿಮಗೆ 1,80,000 ಬಂದು ಕೈಗೆ ಸಿಕ್ಕಿದ್ದು 1,04,964. ಅಂದರೆ 81,000 ಜಾಸ್ತಿ ಬೋನಸ್‌ಗೆ ನಿಮಗೆ ದಕ್ಕಿದ್ದು 5,964. ಇನ್ನೊಬ್ಬರಿಗೆ 1,70,000 ಬಂದಿದೆ ಅಂದುಕೊಳ್ಳಿ. ಅವರ ತೆರಿಗೆ 70,650, ಸೆಸ್ 2,826. ಕೈಗೆ 96,524. ಇವರು 99,000 ಪಡೆದವನಿಗಿಂತ ಕಮ್ಮಿ ಮನೆಗೆ ತಗೊಂಡು ಹೋಗುತ್ತಾರೆ! ತೆರಿಗೆಯ ಮೇಲೆ ಮತ್ತೆ ಸೆಸ್ ಹಾಕುವುದರಿಂದ ಹೀಗಾಗುತ್ತದೆ. ಇದು ಸರಿಯಲ್ಲ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ವರ್ಷವಿಡೀ ಚೆನ್ನಾಗಿ ಕೆಲಸ ಮಾಡಿ ಜಾಸ್ತಿ ಬೋನಸ್ ಪಡೆದವರ ಕೈಗೆ ಕಮ್ಮಿ ದುಡ್ಡು ಹೋಗಬಾರದು. ಆದರೆ ಸದ್ಯಕ್ಕೆ ಕಾನೂನು ಹೀಗಿದೆ.

ಈಗ ನಿಮ್ಮ ಮ್ಯಾನೇಜರ್ ವಿಷಯ. ಅವರ ವರ್ಷದ ಸಂಬಳ 15 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 14,25,000. ಅವರಿಗೆ ರಿಬೇಟ್ ಮೊದಲಿನಿಂದಲೂ ಇಲ್ಲ. ಏಪ್ರಿಲ್‌ನಿಂದಲೇ ತಿಂಗಳಿಗೆ 8,125ರಂತೆ ಅವರ ಸಂಬಳದಲ್ಲಿ ಹಿಡಿಯುತ್ತಿದ್ದಾರೆ, ವರ್ಷಕ್ಕೆ 97,500. ಬೋನಸ್ ಸೇರಿ 16,05,000 ಆಯಿತು. 16 ಲಕ್ಷದವರೆಗಿನ 1,75,000ಕ್ಕೆ ಶೇ. 15, ಮೇಲಿನ 5,000ಕ್ಕೆ ಶೇ. 20, ಸೆಸ್ ಸೇರಿ 28,340. ಅವರು ವರ್ಷಕ್ಕೆ ಕಟ್ಟುವುದು 1,25,840, ನೀವು ಕಟ್ಟುವುದು 75,036. ವರ್ಷದ ಲೆಕ್ಕದಲ್ಲಿ ಅವರೇ ಜಾಸ್ತಿ ಕಟ್ಟುತ್ತಿದ್ದಾರೆ. ಬರೀ ಅಕ್ಟೋಬರ್ ತಿಂಗಳ ಸ್ಲಿಪ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಉಲ್ಟಾ ಕಾಣುತ್ತದೆ.

ಒಂದೇ ತಿಂಗಳಲ್ಲಿ ಅಷ್ಟೂ ಯಾಕೆ ಹಿಡಿದರು ಅನ್ನೋದು ಬೇರೆ ಪ್ರಶ್ನೆ. ಸೆಕ್ಷನ್ 192ರ ಪ್ರಕಾರ ಕಂಪನಿ ನಿಮ್ಮ ಇಡೀ ವರ್ಷದ ಸಂಬಳ ಅಂದಾಜು ಮಾಡಿ, ಅದರ ತೆರಿಗೆಯನ್ನು ಸರಾಸರಿಯಾಗಿ ತಿಂಗಳು ತಿಂಗಳು ಹಿಡಿಯಬೇಕು. ಹೀಗೆ ಹಿಡಿಯುವುದೇ ಟಿಡಿಎಸ್. ಮೊದಲು ಕಮ್ಮಿ ಹಿಡಿದಿದ್ದರೆ ಅದೇ ವರ್ಷದೊಳಗೆ ಸರಿ ಮಾಡಿಕೊಳ್ಳಬಹುದು. ನಿಮ್ಮ ಕಂಪನಿ ಏಪ್ರಿಲ್‌ನಲ್ಲಿ ಬೋನಸ್ ಅಂದಾಜು ಮಾಡಿರಲಿಲ್ಲ, ದುಡ್ಡು ಕೈಗೆ ಕೊಡುವಾಗಲೇ ಪೂರ್ತಿ ಹಿಡಿದುಕೊಂಡಿತು. ಏಪ್ರಿಲ್‌ನಲ್ಲೇ ಅಂದಾಜು ಮಾಡಿದ್ದರೆ ತಿಂಗಳಿಗೆ 6,253 ಹೋಗುತ್ತಿತ್ತು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹಂಚಿದ್ದರೆ ತಿಂಗಳಿಗೆ 12,506. ತೆರಿಗೆ ಅಷ್ಟೇ, ಹಬ್ಬದ ಹೊತ್ತಿಗೆ ಕೈಯಲ್ಲಿರುವ ದುಡ್ಡು ಬೇರೆ. ಮುಂದಿನ ವರ್ಷ ಬೋನಸ್ ಬರುವ ಮುಂಚೆಯೇ ಹೆಚ್.ಆರ್.ಗೆ ಒಂದು ಮೇಲ್ ಹಾಕಿ, 'ಬೋನಸ್ ಮೇಲಿನ ಟಿಡಿಎಸ್ ಅನ್ನು ಉಳಿದ ತಿಂಗಳುಗಳಿಗೆ ಹಂಚಿ ಹಿಡಿಯಿರಿ' ಅಂತ ಕೇಳಿ. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪಲ್ಲ. ದುಡ್ಡು ಹಿಡಿದ ಮೇಲೆ ಕೇಳಿದರೆ ಯಾರೂ ಒಪ್ಪಲ್ಲ.

ಇನ್ನು ಉಳಿಸುವ ದಾರಿ. ಎಲ್‌ಐಸಿ ಬೇಡ. ವಿಮೆ ನಿಮ್ಮ ಮನೆಯವರಿಗೆ ಬೇಕಿದ್ದರೆ ಮಾಡಿಸಿ, ತೆರಿಗೆಗೋಸ್ಕರ ಮಾಡಿಸಬೇಡಿ. ಹೊಸ ಪದ್ಧತಿಯಲ್ಲಿ 80ಸಿ, ಅಂದರೆ ವಿಮೆ, ಪಿಎಫ್‌ನಂಥ ಉಳಿತಾಯಕ್ಕೆ ಸಿಗುವ ರಿಯಾಯಿತಿ ನಡೆಯುವುದೇ ಇಲ್ಲ. ಹಳೇ ಪದ್ಧತಿಗೆ ಹೋಗುತ್ತೇನೆ ಅಂದರೆ ಹೋಗಬಹುದು, ಸಂಬಳದವರು ರಿಟರ್ನ್ ಹಾಕುವಾಗಲೂ ಆರಿಸಿಕೊಳ್ಳಬಹುದು. ಆದರೆ ನಿಮಗೆ ಅದು ದಂಡ. ಅಲ್ಲಿ 75,036ಕ್ಕಿಂತ ಕಮ್ಮಿ ತೆರಿಗೆ ಬರಬೇಕಾದರೆ ಎಲ್ಲ ಸೇರಿ ಐದೂವರೆ ಲಕ್ಷಕ್ಕಿಂತ ಜಾಸ್ತಿ ಡಿಡಕ್ಷನ್ ತೋರಿಸಬೇಕು. 80ಸಿ 1.5 ಲಕ್ಷ, ಮನೆ ಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆ 25,000, ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,500 ಎಲ್ಲ ಹಾಕಿದರೂ 4,27,500 ಆಗುತ್ತದೆ, ತೆರಿಗೆ 1,02,128 ಬರುತ್ತದೆ.

ಬೋನಸ್ ಅನ್ನು ಹೆಂಡತಿ ಖಾತೆಗೆ ಹಾಕಿಸಿದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ದುಡಿದವರು ನೀವು, ಆದಾಯ ನಿಮ್ಮದೇ, ಯಾವ ಖಾತೆಗೆ ಹೋದರೂ ಅಷ್ಟೇ. ಆ ದುಡ್ಡನ್ನು ಅವರ ಹೆಸರಲ್ಲಿ ಎಫ್‌ಡಿ ಇಟ್ಟರೆ ಬಡ್ಡಿಯೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಬೋನಸ್ ಅನ್ನು ಏಪ್ರಿಲ್‌ಗೆ ಮುಂದೂಡಿಸಿಕೊಳ್ಳುವುದೂ ಸುಮ್ನೆ. ಸಂಬಳಕ್ಕೆ ತೆರಿಗೆ ಬೀಳುವುದು ಕೊಡಬೇಕಾದ ದಿನ ಅಥವಾ ಕೊಟ್ಟ ದಿನ, ಯಾವುದು ಮೊದಲೋ ಆಗ.

ನಿಮಗೆ ನಿಜವಾಗಿ ಕೆಲಸಕ್ಕೆ ಬರುವ ದಾರಿ ಒಂದಿದೆ, ಅದನ್ನು ಸರಿಯಾಗಿ ಓದಿಕೊಳ್ಳಿ. ಹೊಸ ಪದ್ಧತಿಯಲ್ಲಿ ಉಳಿದಿರುವ ಕೆಲವೇ ರಿಯಾಯಿತಿಗಳಲ್ಲಿ ಕಂಪನಿ ನಿಮ್ಮ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ) ಖಾತೆಗೆ ಕಟ್ಟುವ ಹಣ ಒಂದು. ಸೆಕ್ಷನ್ 80ಸಿಸಿಡಿ(2) ಪ್ರಕಾರ ಬೇಸಿಕ್ ಮತ್ತು ಡಿಎಯ ಶೇ. 14ರವರೆಗೆ ಕಳೆಯಬಹುದು. ನಿಮ್ಮ ಬೇಸಿಕ್ 45,000, ಡಿಎ ಇಲ್ಲ. ಹಾಗಾಗಿ ತಿಂಗಳಿಗೆ 6,300, ವರ್ಷಕ್ಕೆ 75,600. ಇದು ಕಂಪನಿ ಸುಮ್ಮನೆ ಕೊಡುವ ದುಡ್ಡಲ್ಲ. ನಿಮ್ಮ 98,000ದಲ್ಲೇ 6,300ವನ್ನು ಸಂಬಳವಾಗಿ ಕೊಡದೆ ಎನ್‌ಪಿಎಸ್‌ಗೆ ಕಟ್ಟುತ್ತಾರೆ. ಇಡೀ ವರ್ಷ ಹೀಗೆ ಮಾಡಿದ್ದರೆ ನಿಮ್ಮ ಆದಾಯ 12,05,400ಕ್ಕೆ ಇಳಿಯುತ್ತಿತ್ತು. ತೆರಿಗೆ 5,400, ಸೆಸ್ ಸೇರಿ 5,616. ಉಳಿತಾಯ 69,420. ಅಂದರೆ ನಿಮ್ಮ ಕೈಯಿಂದ ನಿಜಕ್ಕೂ ಹೋಗುತ್ತಿದ್ದದ್ದು ವರ್ಷಕ್ಕೆ 6,180, ಎನ್‌ಪಿಎಸ್ ಖಾತೆಯಲ್ಲಿ ಕೂತಿರುತ್ತಿದ್ದದ್ದು 75,600. ನಿಮ್ಮ ಹಾಗೆ 12 ಲಕ್ಷದ ಬದುವಿನ ಮೇಲೆ ನಿಂತಿರುವವರಿಗೆ ಮಾತ್ರ ಇಷ್ಟು ಲಾಭ. ನಿಮ್ಮ ಮ್ಯಾನೇಜರ್‌ಗೆ ಇದೇ 75,600 ಕಟ್ಟಿದರೆ ಉಳಿಯುವುದು ಹನ್ನೆರಡು ಸಾವಿರ ಚಿಲ್ಲರೆ.

ಎನ್‌ಪಿಎಸ್ ದುಡ್ಡು ನಿವೃತ್ತಿಗಾಗಿ ಇರುವುದು, ಬೇಕೆಂದಾಗ ತೆಗೆಯುವ ಹಾಗಿಲ್ಲ. ಮಕ್ಕಳ ಫೀಸು, ಮನೆ ಸಾಲದ ಕಂತು ಇದ್ದರೆ ಯೋಚನೆ ಮಾಡಿ. ಇನ್ನೊಂದು, ಇದು ಕಂಪನಿಯ ಕೈಯಿಂದಲೇ ಹೋಗಬೇಕು. ನೀವೇ ಬ್ಯಾಂಕಿಗೆ ಹೋಗಿ ಎನ್‌ಪಿಎಸ್ ಕಟ್ಟಿದರೆ ಹೊಸ ಪದ್ಧತಿಯಲ್ಲಿ ರಿಯಾಯಿತಿ ಇಲ್ಲ. ಡಿಸೆಂಬರ್‌ನಿಂದ ಶುರು ಮಾಡಿದರೂ ಈ ವರ್ಷಕ್ಕೆ ನಾಲ್ಕು ತಿಂಗಳ 25,200 ಸಿಗುತ್ತದೆ. ಆದಾಯ 12,55,800 ಆಗಿ ತೆರಿಗೆ 58,032ಕ್ಕೆ ಬರುತ್ತದೆ. ಈಗಾಗಲೇ ಹಿಡಿದಿರುವುದರಲ್ಲಿ 17,000 ರೂಪಾಯಿ ರಿಟರ್ನ್ ಹಾಕಿದಾಗ ವಾಪಸ್ ಬರುತ್ತದೆ. ಹೆಚ್.ಆರ್.ನವರನ್ನು ನಾಳೆಯೇ ಕೇಳಿ.

ಕೆಲಸ ಬಿಡುವ ಯೋಚನೆ ಏನಾದರೂ ಇದ್ದರೆ ಇದನ್ನೂ ಕೇಳಿ. ಈ ವರ್ಷದ ಮಧ್ಯೆ ಕಂಪನಿ ಬದಲಾಯಿಸಿದ ಒಬ್ಬ ಹುಡುಗ ನನ್ನ ಹತ್ತಿರ ಎರಡು ಫಾರಂ 16 (ಸಂಬಳ ಮತ್ತು ಹಿಡಿದ ತೆರಿಗೆಗೆ ಕಂಪನಿ ಕೊಡುವ ಪತ್ರ) ಹಿಡಿದುಕೊಂಡು ಬರುತ್ತಾನೆ ಅಂದುಕೊಳ್ಳಿ. ಎರಡರಲ್ಲೂ ತೆರಿಗೆಯ ಸಾಲಿನಲ್ಲಿ ಸೊನ್ನೆ. 'ರಿಟರ್ನ್ ಹಾಕಿಬಿಡಿ ಮೇಡಂ, ಏನೂ ಬರಲ್ಲ' ಅನ್ನುತ್ತಾನೆ. ಮೊದಲ ಕಂಪನಿಯಲ್ಲಿ 6 ಲಕ್ಷ, ಎರಡನೆಯದರಲ್ಲಿ ಸೇರುವಾಗ ಕೊಟ್ಟ ಬೋನಸ್ ಸೇರಿ 8.2 ಲಕ್ಷ. ಎರಡೂ ಕಂಪನಿಯವರು ತಮ್ಮ ತಮ್ಮ ಪಾಲನ್ನೇ ನೋಡಿ ರಿಬೇಟ್ ಕೊಟ್ಟಿರುತ್ತಾರೆ. ಕೂಡಿಸಿ ನೋಡಿದರೆ 14.2 ಲಕ್ಷ, ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 13.45 ಲಕ್ಷ, ಸೆಸ್ ಸೇರಿ 85,020 ತೆರಿಗೆ, ಮೇಲೆ ಬಡ್ಡಿ ಬೇರೆ.  ಅಷ್ಟರಲ್ಲಿ ಆ ದುಡ್ಡು ಖರ್ಚಾಗಿರುತ್ತದೆ. ಹೊಸ ಕಂಪನಿ ಸೇರಿದ ವಾರವೇ ಹಳೆಯ ಸಂಬಳದ ವಿವರವನ್ನು ಫಾರಂ 12ಬಿಯಲ್ಲಿ ಕೊಟ್ಟಿದ್ದರೆ ಆ ತೆರಿಗೆ ತಿಂಗಳು ತಿಂಗಳು ಹೋಗಿಬಿಡುತ್ತದೆ.

ಒಂದೆರಡು ಸಣ್ಣ ವಿಷಯ. ಬೋನಸ್ ಮೇಲೆ ಪಿಎಫ್ ಹಿಡಿಯುವುದಿಲ್ಲ, ನಿಮ್ಮ ಸ್ಲಿಪ್‌ನಲ್ಲೂ ಹಿಡಿದಿಲ್ಲ. ನಿಮ್ಮ ಲೈನ್‌ನಲ್ಲಿ ಕೆಲಸ ಮಾಡುವ 21,000ದ ಒಳಗಿನ ಸಂಬಳದವರಿಗೆ ಈ ದೀಪಾವಳಿಗೆ ಬಂದದ್ದು 1965ರ ಬೋನಸ್ ಕಾಯ್ದೆಯ ಬೋನಸ್. ಅದು ಕನಿಷ್ಠ ಶೇ. 8.33, ಗರಿಷ್ಠ ಶೇ. 20. ಅದೂ ಸಂಬಳದ ಲೆಕ್ಕಕ್ಕೇ ಸೇರುತ್ತದೆ, ಆದರೆ ಅವರ ವರ್ಷದ ಆದಾಯ 4 ಲಕ್ಷವೂ ಮುಟ್ಟುವುದಿಲ್ಲ, ತೆರಿಗೆಯ ಮಾತಿಲ್ಲ. ಹಬ್ಬಕ್ಕೆ ಕೊಟ್ಟ ಡ್ರೈ ಫ್ರೂಟ್ ಡಬ್ಬ, ವೋಚರ್ ಎಲ್ಲ ಸೇರಿ 2025-26ನೇ ಸಾಲಿನಲ್ಲಿ 5,000ದ ಒಳಗಿದ್ದರೆ ತೆರಿಗೆ ಇಲ್ಲ. ಕವರಿನಲ್ಲಿ ನಗದು ಕೊಟ್ಟರೆ ಅದು ಸಂಬಳ.

ಜೂನ್‌ನಲ್ಲಿ ಫಾರಂ 16 ಬಂದಾಗ ಅದರಲ್ಲಿರುವ ಟಿಡಿಎಸ್ ಮೊತ್ತವೂ ಆದಾಯ ತೆರಿಗೆ ಪೋರ್ಟಲ್‌ನ 26ಎಎಸ್‌ನಲ್ಲಿ (ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿ) ಇರುವ ಮೊತ್ತವೂ ಒಂದೇ ಇದೆಯಾ ನೋಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತದೆ, ಸೆಕ್ಷನ್ ನಂಬರ್‌ಗಳು ಬದಲಾಗುತ್ತವೆ. ಅದಕ್ಕೆ ಗಾಬರಿ ಬೇಡ. ನಿಮ್ಮ ಈ ಬೋನಸ್‌ಗೆ 1961ರ ಕಾಯ್ದೆಯ ಲೆಕ್ಕವೇ.

ಕೊನೆಗೆ ಕಬ್ಬಿನ ಗದ್ದೆ. ಪಹಣಿ ಅಪ್ಪನ ಹೆಸರಲ್ಲಿದೆ, ಬೇಸಾಯ ಅವರದು, ಸಕ್ಕರೆ ಕಾರ್ಖಾನೆಯ ಬಿಲ್ಲಿನ ದುಡ್ಡು ಅವರ ಬ್ಯಾಂಕ್ ಖಾತೆಗೇ ಬರುತ್ತದೆ ಅಂದರೆ ನಿಮ್ಮ ರಿಟರ್ನ್‌ನಲ್ಲಿ ಅದಕ್ಕೆ ಜಾಗವಿಲ್ಲ. ನಾಳೆ ಜಮೀನಿನ ಖಾತೆ ನಿಮ್ಮ ಹೆಸರಿಗೆ ಆದರೆ ವಿಷಯ ಬೇರೆ. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ ಖರ್ಚು ಕಳೆದು ವರ್ಷಕ್ಕೆ 5,000ಕ್ಕಿಂತ ಜಾಸ್ತಿ ಉಳಿದರೆ, ತೆರಿಗೆಯ ದರ ಗೊತ್ತು ಮಾಡಲು ಅದನ್ನು ಸಂಬಳದ ಜೊತೆ ಸೇರಿಸುತ್ತಾರೆ. ಆಗ ಸಂಬಳ ಇನ್ನೂ ಕೆಳಗಿನ, ಅಂದರೆ ತೆರಿಗೆ ಜಾಸ್ತಿ ಇರುವ ಗದ್ದೆಗೆ ಇಳಿಯುತ್ತದೆ. ಇದು ಕಂಪನಿಯವರಿಗೆ ಗೊತ್ತಾಗುವುದಿಲ್ಲ, ಟಿಡಿಎಸ್‌ನಲ್ಲಿ ಬರುವುದಿಲ್ಲ, ರಿಟರ್ನ್ ಹಾಕುವಾಗ ನೀವೇ ತೋರಿಸಬೇಕು. ಆ ವರ್ಷದಿಂದ ಕಬ್ಬಿನ ಬಿಲ್ಲು, ಗೊಬ್ಬರದ ರಸೀದಿ, ಕಟಾವಿನ ಕೂಲಿ ಕೊಟ್ಟ ಲೆಕ್ಕ, ಎಲ್ಲವನ್ನೂ ಒಂದು ಫೈಲಿನಲ್ಲಿ ಇಡುತ್ತಾ ಬನ್ನಿ.